ಇಪ್ಪತ್ತೆರಡು ವರ್ಷ ಮಾತಾಡದ ಶಾಸಕ

ಸಿಂಗಾಪುರದ ಬೆಡೋಕಿನ ರಘುರಾಮನಿಗೆ ಮಾತಿನಲ್ಲಿ ಸೋತು ಅಭ್ಯಾಸವಿರಲಿಲ್ಲ. ಅಲ್ಲಿಯ ಒಂದು ಹಡಗು ಕಂಪನಿಯ ಲೀಗಲ್ ಸೆಕ್ಷನ್ನಿನಲ್ಲಿ ಇಪ್ಪತ್ತೆಂಟು ವರ್ಷ ಕೂತು, ಒದ್ದೆಯಾದ ಅಕ್ಕಿಮೂಟೆಗೆ ಯಾರು ಹೊಣೆ, ಬಂದರಿನಲ್ಲಿ ಕಾಣೆಯಾದ ಕಂಟೇನರಿಗೆ ಯಾರು ಹೊಣೆ ಎಂದು ವಾದಿಸಿ ರಿಟೈರ್ ಆದವನು. ಅದು ಹೊಟ್ಟೆಪಾಡಿನ ಮಾತಾಯಿತು. ಅವನ ಪ್ರಾಣವಿದ್ದದ್ದು ತಾಳಮದ್ದಳೆಯಲ್ಲಿ. ಉಡುಪಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳಿಬಿಡೋಣ. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದು ಎದುರುಬದುರು ಕೂರುವುದು. ಭಾಗವತ ಪದ ಹಾಡುತ್ತಾನೆ, ಮದ್ದಳೆ ಚೆಂಡೆ ನುಡಿಯುತ್ತವೆ. ಹಾಡು ನಿಂತ ಕೂಡಲೇ ಪಾತ್ರ ವಹಿಸಿದ ಅರ್ಥಧಾರಿ ಆ ಪದವನ್ನು ತನ್ನದೇ ಮಾತಿನಲ್ಲಿ ಬೆಳೆಸಬೇಕು. ಬರೆದುಕೊಂಡು ಬರುವ ಹಾಗಿಲ್ಲ. ಎದುರಿಗೆ ಕೂತವನು ಏನು ಕೇಳುತ್ತಾನೋ ದೇವರಿಗೇ ಗೊತ್ತು. ಕೇಳಿದ್ದಕ್ಕೆ ಉತ್ತರ ಹೊಳೆಯದಿದ್ದರೆ ಸಭೆಯ ಮುಂದೆ ಮಾನ ಹೋಯಿತು ಎಂದೇ ತಿಳಿಯಬೇಕು.

ರಘುರಾಮನ ಎದುರಿಗೆ ಹದಿನಾಲ್ಕು ವರ್ಷ ಕೂತವನು ನರಸಿಂಹ. ಇಬ್ಬರೂ ಒಂದೇ ಊರಿನ ಕಡೆಯವರು, ಆಗ ಬೆಡೋಕಿನಲ್ಲಿ ಒಂದೇ ಬ್ಲಾಕಿನವರು. ಇವರಿಬ್ಬರ ಸಂವಾದ ಇದೆಯೆಂದರೆ ದ್ವೀಪದ ಆ ತುದಿಯ ಕ್ಲೆಮೆಂಟಿಯಿಂದಲೂ ಜನ ಮಕ್ಕಳುಮರಿ ಕಟ್ಟಿಕೊಂಡು ಬರುತ್ತಿದ್ದರು. ಆಮೇಲೆ ಒಂದು ಭಾನುವಾರ ಅದು ನಿಂತುಹೋಯಿತು. ನರಸಿಂಹ ಪುಂಗೋಲಿಗೆ ಮನೆ ಬದಲಿಸಿದ. ರಘುರಾಮ ವೇದಿಕೆ ಹತ್ತುವುದನ್ನೇ ಬಿಟ್ಟ. ಒಂಬತ್ತು ವರ್ಷ ಯಾರು ಕರೆದರೂ ಕೈಮುಗಿದು ಒಲ್ಲೆ ಎಂದ. ಜನ ಅದನ್ನು ದೊಡ್ಡ ತ್ಯಾಗವೆಂದೇ ಕೊಂಡಾಡಿದರು, ಅವನಿಗೂ ಒಳಗೊಳಗೇ ಹಾಗನ್ನಿಸಿತ್ತು. ಅವನ ಹೆಂಡತಿ ಹರಿಣಾಕ್ಷಿ ಮಾತ್ರ ಒಪ್ಪಿರಲಿಲ್ಲ.

"ನಿಮ್ಮದು ತ್ಯಾಗ ಅಲ್ಲ, ಮುಖ ತೋರಿಸ್ಲಿಕ್ಕೆ ಆಗದೆ ಅಡಗಿ ಕೂತದ್ದು" ಎಂದು ಅವಳು ಒಮ್ಮೆ ಹೇಳಿದ್ದಳು. ಅವನು ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ನರಸಿಂಹನ ಮಗಳು ಚೈತನ್ಯಾ ಫೋನ್ ಮಾಡಿ, "ಅಂಕಲ್, ಫ್ರೀ ಇದ್ದೀರಾ? ಮೀಟ್ ಆಗ್ಬೇಕಿತ್ತು" ಎಂದಳು. ತಾಳಮದ್ದಳೆ ನಿಂತುಹೋದ ಆ ಭಾನುವಾರ ಅವಳಿಗೆ ಹದಿನೇಳು. ಈಗ ಕ್ಲೆಮೆಂಟಿಯಲ್ಲಿ ರೂಮ್ ಮಾಡಿಕೊಂಡು ಯೂನಿವರ್ಸಿಟಿಯಲ್ಲಿ ಕಾನೂನಿನ ಇತಿಹಾಸದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆಂದು ಯಾರೋ ಹೇಳಿದ್ದರು. ಬೆಡೋಕಿನ ಹಾಕರ್ ಸೆಂಟರಿನ ತಿಂಡಿಮಳಿಗೆಗಳ ನಡುವೆ ಅವಳು ಎರಡು ಕೋಪಿ, ಎಂದರೆ ಅಲ್ಲಿಯ ಕಾಫಿ, ತಂದಿಟ್ಟು, ಆಚೀಚೆ ಮಾತಿಲ್ಲದೆ ಲ್ಯಾಪ್‌ಟಾಪ್ ತೆರೆದಳು.

"ಈ ಸಲದ ತಾಳಮದ್ದಳೆಗೆ ನಾನೊಂದು ಹೊಸ ಪ್ರಸಂಗ ಬರೆದಿದ್ದೀನಿ ಅಂಕಲ್. ಪುರಾಣ ಅಲ್ಲ. ಆಬ್ನರ್ ವಿಟ್‌ಲಾಕ್ ಅಂತ ಒಬ್ಬ ಅಮೆರಿಕನ್ ಲಾಯರ್. ನೈಂಟೀನ್ತ್ ಸೆಂಚುರಿ. ನನ್ನ ಥೀಸಿಸ್ಸಿಗೆ ಓದ್ತಾ ಸಿಕ್ಕಿದ."

"ಅಮೆರಿಕದ ಲಾಯರಿಗೆ ಚೆಂಡೆ ಪೆಟ್ಟಾ?" ರಘುರಾಮ ನಕ್ಕ.

"ನಮ್ಮ ಭಾಗವತರು ಕಿಟ್ಟಿ ಅಂಕಲ್ ಕೂಡ ಹಾಗೇ ನಕ್ರು. ನಮ್ಮ ಊರ ಕಡೆಯ ವಿಟ್ಲದವನಾ ಅಂತ ಕೇಳಿದ್ರು. ಕಥೆ ಪೂರ್ತಿ ಕೇಳಿದ್ಮೇಲೆ ತಾವೇ ಭಾಗವತಿಕೆ ಮಾಡ್ತೀನಿ ಅಂದ್ರು."

ಅವಳು ಹೇಳಿದ ಕಥೆ ಇಷ್ಟು. ಅಮೆರಿಕದ ಉತ್ತರದ ಒಂದು ರಾಜ್ಯದಲ್ಲಿ, ಬಡ ರೈತನ ಮಗನಾಗಿ ಹುಟ್ಟಿದವನು ಈ ವಿಟ್‌ಲಾಕ್. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಇನ್ನೊಬ್ಬ ವಕೀಲನ ಆಫೀಸಿನಲ್ಲಿ ನೆಲ ಗುಡಿಸಿ, ಪತ್ರ ನಕಲು ಮಾಡಿ, ಕಾನೂನು ಓದಿಕೊಂಡು ತಾನೂ ವಕೀಲನಾದ. ಕುದುರೆಯ ಮೇಲೆ ಊರೂರು ಕೋರ್ಟಿಗೆ ಸುತ್ತಿದ. ಅವನು ವಾದಕ್ಕೆ ನಿಂತರೆ ರೈತರು ಹೊಲದ ಕೆಲಸ ಬಿಟ್ಟು ಕೇಳಲಿಕ್ಕೆ ಬರುತ್ತಿದ್ದರಂತೆ. ಮೂವತ್ನಾಲ್ಕಕ್ಕೆ ರಾಜ್ಯದ ಶಾಸನಸಭೆಗೆ ಗೆದ್ದು ಹೋದ. ಆಗಿನ್ನೂ ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿ ಇತ್ತು. ಓಡಿಬಂದವರನ್ನು ಹಿಡಿಯಲು ಬೇಟೆಗಾರರು ಉತ್ತರಕ್ಕೂ ಬರುತ್ತಿದ್ದರು. ಅಂಥವರಿಗೆ ನಮ್ಮ ಪೊಲೀಸರು, ನಮ್ಮ ಜೈಲುಗಳು ನೆರವಾಗಕೂಡದು ಎಂದು ವಿಟ್‌ಲಾಕ್ ಒಂದು ಮಸೂದೆ ತಂದ. ಒಳ್ಳೆಯ ಮಸೂದೆ, ಚರ್ಚೆಯೂ ಅವನ ಕಡೆಗೇ ವಾಲಿತ್ತು. ಅಷ್ಟರಲ್ಲಿ ಎದುರುಪಕ್ಷದ ಒಬ್ಬ ಎದ್ದು, "ನಮ್ಮ ಜಿಲ್ಲೆಗಳಲ್ಲಿ ಓಡಿಬಂದವರನ್ನು ಯಾರೂ ಇಟ್ಟುಕೊಂಡಿಲ್ಲ, ಇದೆಲ್ಲ ಪೇಪರಿನವರ ಗುಲ್ಲು" ಎಂದು ಗೇಲಿ ಮಾಡಿದ.

ವಿಟ್‌ಲಾಕ್ ಎದ್ದು ನಿಂತ. ತನ್ನ ಊರಿನಲ್ಲೇ, ಹೊಳೆಯ ಬದಿಯ ಹಿಟ್ಟಿನ ಗಿರಣಿಯ ಅಟ್ಟದಲ್ಲಿ, ಈ ಹೊತ್ತಿನಲ್ಲೇ ಒಬ್ಬ ತಾಯಿ ಉಸಿರು ಬಿಗಿಹಿಡಿದು ಕೂತಿದ್ದಾಳೆ ಎಂದುಬಿಟ್ಟ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಸೂದೆ ಪಾಸಾಯಿತು. ಭಾಷಣ ಪೇಪರಿನಲ್ಲಿ ಅಚ್ಚಾಯಿತು. ಕಾಯ್ದೆ ಜಾರಿಗೆ ಬರಲು ಇನ್ನೂ ತಿಂಗಳಿತ್ತು, ಬೇಟೆಗಾರರು ನಾಲ್ಕನೇ ದಿನವೇ ಆ ಗಿರಣಿಗೆ ಬಂದರು. ಹ್ಯಾನಾ ಎಂಬ ಆ ಹೆಂಗಸನ್ನು ಕಟ್ಟಿ ಒಯ್ದರು. ಗಿರಣಿಯ ಸೈಲಸ್ ಆರು ತಿಂಗಳು ಜೈಲು ಕಂಡ. ಸೈಲಸ್ ವಿಟ್‌ಲಾಕನ ಬಾಲ್ಯದ ಗೆಳೆಯ. ಅಟ್ಟದ ಗುಟ್ಟನ್ನು ಸೈಲಸ್ ಹೇಳಿದ್ದು ವಿಟ್‌ಲಾಕನೊಬ್ಬನಿಗೇ.

"ಆಮೇಲೆ ಅವನು ಇನ್ನೂ ಇಪ್ಪತ್ತೆರಡು ವರ್ಷ ಶಾಸಕ ಆಗಿದ್ದ ಅಂಕಲ್" ಎಂದಳು ಚೈತನ್ಯಾ. "ನಾನು ಸಭೆಯ ರೆಕಾರ್ಡ್ಸ್ ಎಲ್ಲ ಚೆಕ್ ಮಾಡಿದೆ. ಓಟು ಹಾಕಿದ್ದು ಇದೆ, ಒಂದೇ ಒಂದು ಭಾಷಣ ಇಲ್ಲ. ಹೌದು, ಇಲ್ಲ, ಅಷ್ಟೇ."

ರಘುರಾಮನ ಕೋಪಿಯ ಮೇಲೆ ಕೆನೆ ಕಟ್ಟಿತ್ತು. ಅವನು ಕಪ್ಪನ್ನು ಮುಟ್ಟಲಿಲ್ಲ.

"ನೀನು ಇದನ್ನ ಬೇಕಂತಲೇ ಹುಡುಕಿದ್ದಾ?"

"ಹುಡುಕಿದ್ದಲ್ಲ. ಸಿಕ್ಕಿದ್ಮೇಲೆ ಬಿಡೋಕೆ ಆಗ್ಲಿಲ್ಲ. ವಿಟ್‌ಲಾಕ್ ನೀವೇ ಆಗ್ಬೇಕು."

"ಸೈಲಸ್ ಯಾರು?"

"ಅಪ್ಪ. ಒಪ್ಪಿದ್ದಾರೆ."

ರಘುರಾಮ ಕೂತಲ್ಲೇ ಹೂಂ ಎಂದ. ಎಷ್ಟು ಬೇಗ ಅಂದನೆಂದರೆ ಅವನಿಗೇ ನಾಚಿಕೆಯಾಯಿತು.

ಒಂಬತ್ತು ವರ್ಷದ ಹಿಂದೆ ಆದದ್ದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆ ವರ್ಷ ನರಸಿಂಹನ ಕೆಲಸ ಹೋಗಿತ್ತು. ಕಂಪನಿ ನೂರಾರು ಜನರನ್ನು ಒಂದೇ ಮಧ್ಯಾಹ್ನ ಮನೆಗೆ ಕಳಿಸಿತ್ತು. ಅವನು ಆ ಸಂಗತಿಯನ್ನು ಹೆಂಡತಿ ಭಾಗೀರಥಿಗೆ ಹೇಳಲಿಲ್ಲ. ದಿನವೂ ಬೆಳಿಗ್ಗೆ ಎಂಟಕ್ಕೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದ. ಬೆಡೋಕಿನವರ ಕಣ್ಣಿಗೆ ಬೀಳಬಾರದೆಂದು ದೂರದ ಪುಂಗೋಲಿಗೆ ಹೋಗಿ, ಅಲ್ಲಿಯ ಕಾಲುವೆಯ ದಂಡೆಯ ಬೆಂಚಿನ ಮೇಲೆ ಕೂತು ಕೆಲಸಕ್ಕೆ ಅರ್ಜಿ ಹಾಕಿ, ಸಂಜೆ ಆರಕ್ಕೆ ವಾಪಸಾಗುತ್ತಿದ್ದ. ಕಂಪನಿಯ ಕಾಗದ ತೋರಿಸಿ ಸಲಹೆ ಕೇಳಲು ಬಂದಾಗ ರಘುರಾಮನಿಗೊಬ್ಬನಿಗೆ ಹೇಳಿದ್ದ. "ನೀನು ವಕೀಲ ಅಂತ ಹೇಳ್ತಾ ಇಲ್ಲ ಮಾರಾಯ, ನೀನು ಅಂತ ಹೇಳ್ತಾ ಇದ್ದೇನೆ" ಎಂದಿದ್ದ.

ಆ ಭಾನುವಾರದ ಪ್ರಸಂಗದಲ್ಲಿ ರಘುರಾಮ ರಾಜ, ನರಸಿಂಹ ಸಂಧಿಗೆ ಬಂದ ದೂತ. ಇಬ್ಬರೂ ಭರ್ಜರಿಯಾಗಿ ಸೆಣಸಿದರು. ಸತ್ಯದ ಬಗ್ಗೆ ದೂತ ಚೆಂದದ ಒಂದು ಮಾತು ಹೇಳಿ ಸಭೆಯ ಮನಸ್ಸು ಗೆದ್ದ. ರಘುರಾಮನಿಗೆ ಉತ್ತರ ಹೊಳೆದಿತ್ತು, ಕೊಟ್ಟೂ ಆಗಿತ್ತು, ಚಪ್ಪಾಳೆಯೂ ಬಿದ್ದಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ.

"ಉದ್ಯೋಗ ಹೋಗಿ ಮೂರು ತಿಂಗಳಾದರೂ ಕಟ್ಟಿಕೊಂಡವಳಿಗೆ ತಿಳಿಸದೆ, ದಿನವೂ ಬುತ್ತಿ ಕಟ್ಟಿಸಿಕೊಂಡು ಹೋಗಿ ಕಾಲುವೆಯ ದಂಡೆಯಲ್ಲಿ ಉಂಡು ಬರುವ ದೂತನೇ, ನೀನು ನನಗೆ ಸತ್ಯ ಬೋಧಿಸುವವನೇ?"

ಇನ್ನೂರು ಜನ ಗೊಳ್ಳೆಂದು ನಕ್ಕರು. ಆಮೇಲೆ ನರಸಿಂಹನ ಮುಖ ನೋಡಿದರು. ನಗು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬರುವಷ್ಟರಲ್ಲಿ ನಿಂತುಹೋಯಿತು. ಮೂರನೇ ಸಾಲಿನಲ್ಲಿ ಕೂತಿದ್ದ ಭಾಗೀರಥಿ ಎದ್ದು, ಮಗಳ ಕೈ ಹಿಡಿದುಕೊಂಡು ಹೊರಗೆ ನಡೆದಳು. ಅವಳು ಅವತ್ತು ಉಟ್ಟದ್ದು ಹಸಿರು ಸೀರೆ. ರಘುರಾಮನಿಗೆ ಒಂಬತ್ತು ವರ್ಷದಿಂದ ಆ ಸೀರೆಯ ಬೆನ್ನು ಕಣ್ಣಿನಿಂದ ಹೋಗಿಲ್ಲ. ತಾಳಮದ್ದಳೆಯಲ್ಲಿ ಪಾತ್ರದ ಮರೆಯಲ್ಲಿ ಎದುರಿನವನಿಗೆ ಸ್ವಂತದ ಚುಚ್ಚುಮಾತು ಆಡುವುದು ಹೊಸತೇನಲ್ಲ, ದೊಡ್ಡ ದೊಡ್ಡವರೇ ಆಡಿದ್ದಾರೆ. ಹಾಗೆಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಾಗಲಿಲ್ಲ.

ಈಗ ದಾರಿ ತೆರೆದಿತ್ತು. ಒಂದು ತಿಂಗಳು ರಘುರಾಮ ಚೈತನ್ಯಾ ಕಳಿಸಿದ ಕಾಗದಗಳನ್ನು ಓದಿದ್ದೇ ಓದಿದ್ದು. ತಾಳಮದ್ದಳೆಯಲ್ಲಿ ಇಂಗ್ಲಿಷ್ ನುಸುಳಬಾರದು. ದಿನವಿಡೀ ಬುಕ್ ಮಾಡು, ಟಾಪಪ್ ಮಾಡು ಎನ್ನುತ್ತಾ ಓಡಾಡುವ ಬಾಯಿಗೆ ಮಸೂದೆ, ಶಾಸನಸಭೆ, ನ್ಯಾಯವಾದಿ ಎಂದು ಅಭ್ಯಾಸ ಮಾಡಿಸಿದ. ಕಾಗದಗಳ ನಡುವೆ ಸೈಲಸನ ಹೆಂಡತಿ ತನ್ನ ತಂಗಿಗೆ ಬರೆದ ಪತ್ರದ ನಕಲೊಂದಿತ್ತು. "ಆಬ್ನರ್ ಇವತ್ತೂ ಬೀದಿಯ ಆಚೆ ಬದಿಯಿಂದಲೇ ಹೋದ" ಎಂದು ಅದರಲ್ಲಿತ್ತು. ರಘುರಾಮ ಆ ಹಾಳೆಯನ್ನು ಎಲ್ಲದರ ಅಡಿಗೆ ಇಟ್ಟ.

ಹರಿಣಾಕ್ಷಿ ತರಕಾರಿ ಹೆಚ್ಚುತ್ತಾ ಇದನ್ನೆಲ್ಲ ನೋಡಿದಳು.

"ಮೊದಲು ಆ ಮನೆಗೆ ಹೋಗಿ ಬನ್ನಿ. ಆಮೇಲೆ ಸ್ಟೇಜು" ಎಂದಳು.

"ಸಭೆಯಲ್ಲಿ ಆದ ತಪ್ಪು ಇದು. ಸಭೆಯಲ್ಲೇ ಸರಿ ಆಗ್ಬೇಕು. ಎಲ್ಲರ ಎದುರು ಹೇಳಿದ್ದನ್ನ ಎಲ್ಲರ ಎದುರೇ ವಾಪಸ್ ತಗೊಳ್ತೇನೆ."

"ಎಷ್ಟು ಲಾಯಕ್ಕಾಗಿ ಹೇಳಿದ್ರಿ" ಎಂದಳು ಅವಳು. ಹೊಗಳಿದ್ದಲ್ಲ ಎಂದು ಅವನಿಗೆ ಗೊತ್ತಾಯಿತು. ಆದರೂ ಹೋಗಲಿಲ್ಲ. ಬೆಡೋಕಿನಿಂದ ಪುಂಗೋಲಿಗೆ ಎರಡು ಕಡೆ ಟ್ರೇನ್ ಬದಲಿಸಿದರೆ ಹೆಚ್ಚೆಂದರೆ ಒಂದು ಗಂಟೆ.

ಶನಿವಾರ ಮಧ್ಯಾಹ್ನ ಕಮ್ಯೂನಿಟಿ ಕ್ಲಬ್ಬಿನ ಹಾಲ್ ತುಂಬಿತ್ತು. ರಘುರಾಮ ಮತ್ತೆ ಕೂರುತ್ತಾನೆಂಬ ಸುದ್ದಿಗೆ ವಾಟ್ಸಪ್ಪು ಒಂದು ವಾರದಿಂದ ಬಿಸಿಯಾಗಿತ್ತು. ಉತ್ತರ ಕರ್ನಾಟಕದ ತಿಪ್ಪಣ್ಣನ ಬಳಗ, ತಾಳಮದ್ದಳೆ ಅಂದರೇನೆಂದೇ ಗೊತ್ತಿಲ್ಲದವರು ಸಹ, ಕುರ್ಚಿ ಹಿಡಿದು ಕೂತಿದ್ದರು. ಕಿಟ್ಟಿ ಜಾಗಟೆ ಹಿಡಿದು ನಡುವೆ ಕೂತ. ನರಸಿಂಹ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಶಾಲು ಅದೇ ಹಳೆಯ ಕಂದು ಶಾಲು. ರಘುರಾಮನನ್ನು ನೋಡಿ ತಲೆಯಾಡಿಸಿ ಕೂತ. ಮೂರನೇ ಸಾಲಿನಲ್ಲಿ ಚೈತನ್ಯಾ ಇದ್ದಳು, ಪಕ್ಕದ ಕುರ್ಚಿ ಖಾಲಿಯಿತ್ತು. ರಘುರಾಮ ಆ ಕುರ್ಚಿಯನ್ನು ಎರಡು ಸಲ ನೋಡಿದ.

ಮೊದಲ ಭಾಗ ಚೆನ್ನಾಗಿಯೇ ನಡೆಯಿತು. ಒಂಬತ್ತು ವರ್ಷದ ತುಕ್ಕು ಹತ್ತು ನಿಮಿಷದಲ್ಲಿ ಉದುರಿತು. ನೆಲ ಗುಡಿಸುತ್ತಾ ಕಾನೂನು ಓದಿದ ಹುಡುಗನನ್ನು ರಘುರಾಮ ಕಣ್ಣಿಗೆ ಕಟ್ಟಿಕೊಟ್ಟ. ಕುದುರೆಯ ಮೇಲೆ ಕೋರ್ಟಿಗೆ ಹೋಗುವುದನ್ನು ಹೇಳುವಾಗ ಮಕ್ಕಳು ಕೂಡ ಫೋನ್ ಕೆಳಗಿಟ್ಟರು. ಆಮೇಲೆ ಕಿಟ್ಟಿ ಜೈಲಿನಿಂದ ಬಂದ ಸೈಲಸನ ಪದ ಎತ್ತಿಕೊಂಡ. ನರಸಿಂಹ ಮಾತಿಗೆ ಶುರುಮಾಡಿದ. ಅವನದು ಯಾವಾಗಲೂ ತಗ್ಗಿದ ದನಿ, ಜನ ಮುಂದಕ್ಕೆ ಬಾಗಿ ಕೇಳಬೇಕು.

"ಆಬ್ನರ್, ನನ್ನ ಗಿರಣಿಯ ಅಟ್ಟಕ್ಕೆ ಕಿಟಕಿಯಿರಲಿಲ್ಲ. ಅವಳಿಗೆ ಗಾಳಿಯಾಡಲೆಂದು ನಾನೇ ಒಂದು ಹಲಗೆಯನ್ನು ಸಡಿಲಿಸಿದ್ದೆ. ಅದನ್ನು ಬಲ್ಲವರು ಇಬ್ಬರೇ, ನಾನು ಮತ್ತು ನೀನು. ಒಂದನ್ನು ಕೇಳುತ್ತೇನೆ. ನನ್ನ ಗಿರಣಿಯ ಮಾತೆತ್ತದಿದ್ದರೂ ನಿನ್ನ ಮಸೂದೆ ಗೆಲ್ಲುತ್ತಿತ್ತೋ ಇಲ್ಲವೋ?"

"ಗೆಲ್ಲುತ್ತಿತ್ತು."

ಸಭೆಯಲ್ಲಿ ಗುಸುಗುಸು ಎದ್ದಿತು. ಅರ್ಥಧಾರಿಯಾದವನು ಹೀಗೆ ಒಂದೇ ಮಾತಿಗೆ ಬಿಟ್ಟುಕೊಡುವುದುಂಟೇ?

"ಮತ್ತೇಕೆ ಹೇಳಿದೆ?"

ರಘುರಾಮ ಇದಕ್ಕೆ ತಯಾರಾಗಿ ಬಂದಿದ್ದ. ಒಬ್ಬಳ ದುಃಖದಿಂದ ಸಾವಿರ ಜನರಿಗೆ ರಕ್ಷಣೆ ಸಿಕ್ಕಿತೆಂಬ ವಾದವಿತ್ತು, ಅದಕ್ಕೆ ಬೆಂಬಲವಾಗಿ ಇನ್ನೆರಡಿದ್ದವು. ಎಲ್ಲವೂ ಬಾಯಿಗೆ ಬಂದು ನಿಂತಿದ್ದವು. ಅವನು ಅವುಗಳನ್ನು ಬಿಟ್ಟ.

"ಚಪ್ಪಾಳೆಗಾಗಿ" ಎಂದ. "ವಾದ ಮುಗಿದಿತ್ತು ಸೈಲಸ್. ಸಭೆ ನನ್ನ ಕೈಯಲ್ಲಿತ್ತು. ಇನ್ನೊಂದು ಮಾತು ಬೇಕಿರಲಿಲ್ಲ. ನನಗೆ ಇನ್ನೊಂದು ಚಪ್ಪಾಳೆ ಬೇಕಿತ್ತು. ನಿನ್ನ ಗುಟ್ಟು ನಾಲಗೆಯ ತುದಿಯಲ್ಲಿತ್ತು, ಎತ್ತಿ ಕೊಟ್ಟುಬಿಟ್ಟೆ. ಅದಕ್ಕೆ ಬೇರೆ ಯಾವ ಕಾರಣವೂ ಇಲ್ಲ. ನನ್ನಿಂದ ದೊಡ್ಡ ತಪ್ಪಾಯಿತು. ಕ್ಷಮಿಸು."

ಒಂಬತ್ತು ವರ್ಷ ಹೊತ್ತದ್ದು ಇಳಿಯಿತೆಂದು ಅವನಿಗನ್ನಿಸಿತು. ಆಮೇಲೆ ಚಪ್ಪಾಳೆ. ಹಿಂದಿನ ಸಾಲಿನವರು ಎದ್ದು ನಿಂತರು. ತಿಪ್ಪಣ್ಣನ ಬಳಗದಿಂದ ಸಿಳ್ಳೆಯೂ ಬಂತು. "ಭಲೇ" ಎಂದು ಕಿಟ್ಟಿಯ ಬಾಯಿಂದಲೇ ಹೊರಟಿತು. ರಘುರಾಮನ ಜೀವಮಾನದಲ್ಲಿ ಅಷ್ಟು ಉದ್ದದ ಚಪ್ಪಾಳೆ ಬಿದ್ದಿರಲಿಲ್ಲ. ಬೇಡ, ನಿಲ್ಲಿಸಿ, ಇದು ಅರ್ಥಗಾರಿಕೆಯಲ್ಲ ಎಂದು ಅವನಿಗೆ ಕೂಗಬೇಕೆನ್ನಿಸಿತು. ಕೂಗಿದ್ದರೆ ಅದಕ್ಕೂ ಚಪ್ಪಾಳೆ ಬೀಳುತ್ತಿತ್ತು.

ನರಸಿಂಹ ಚಪ್ಪಾಳೆ ಪೂರ್ತಿ ನಿಲ್ಲುವ ತನಕ ಕಾದ.

"ಒಳ್ಳೆಯ ಮಾತು. ಇದಕ್ಕೂ ಚಪ್ಪಾಳೆ ಬಿತ್ತು" ಎಂದ. "ಆಬ್ನರ್, ಅಂದಿನಿಂದ ನೀನು ಶಾಸನಸಭೆಯಲ್ಲಿ ಇಪ್ಪತ್ತೆರಡು ವರ್ಷ ಬಾಯಿ ತೆರೆಯಲಿಲ್ಲವಂತೆ. ಜನ ಅದನ್ನು ಪ್ರಾಯಶ್ಚಿತ್ತವೆಂದು ಹೊಗಳಿದರಂತೆ. ನೀನು ಅಲ್ಲಿ ಮಾತಾಡದಿದ್ದರೆ ಇಲ್ಲಿ ನನಗೇನು ಸಿಕ್ಕಿತು? ನಿನ್ನ ಮನೆಯಿಂದ ನನ್ನ ಗಿರಣಿಗೆ ಎಷ್ಟು ದೂರ?"

"ಎರಡು ಫರ್ಲಾಂಗು."

"ಎಷ್ಟು ಸಲ ಬಂದೆ?"

ರಘುರಾಮ ಬಾಯಿ ತೆರೆದ. ಏನೂ ಬರಲಿಲ್ಲ. ಶ್ರುತಿಪೆಟ್ಟಿಗೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಮದ್ದಳೆಯವನು ಕಿಟ್ಟಿಯ ಮುಖ ನೋಡಿದ, ಕಿಟ್ಟಿ ರಘುರಾಮನ ಮುಖ ನೋಡಿದ. ರಘುರಾಮನ ಕಣ್ಣು ಖಾಲಿ ಕುರ್ಚಿಯ ಮೇಲಿತ್ತು. ಕೊನೆಗೆ ಕಿಟ್ಟಿಯೇ ತಡೆಯಲಾರದೆ ಎರಡು ಪದ ಹಾರಿಸಿ ಮಂಗಳ ಹಾಡಿಬಿಟ್ಟ.

ಮುಗಿದ ಮೇಲೆ ಜನ ಮುತ್ತಿಕೊಂಡರು. "ಅಂಕಲ್, ಆ ಲಾಸ್ಟ್ ಸೈಲೆನ್ಸ್ ಇತ್ತಲ್ಲ, ಏನ್ ಆ್ಯಕ್ಟಿಂಗ್!" ಎಂದಳು ಸುಪ್ರಿಯಾ ಎಂಬ ಹುಡುಗಿ, ಕಣ್ಣೊರೆಸಿಕೊಳ್ಳುತ್ತಾ. ರಘುರಾಮ ಅವರಿಂದ ಹೇಗೋ ಬಿಡಿಸಿಕೊಂಡು, ಶಾಲು ಮಡಚುತ್ತಿದ್ದ ನರಸಿಂಹನ ಹತ್ತಿರ ಹೋದ.

"ನಾನು ಅಲ್ಲಿ ಹೇಳಿದ್ದು ಪಾತ್ರದ ಮಾತಲ್ಲ ಮಾರಾಯ."

"ಗೊತ್ತುಂಟು."

"ಭಾಗೀರಥಿ ಬರ್ತಾರೆ ಅಂತ ಮಾಡಿದ್ದೆ."

"ಅವಳು ಇಂಥದ್ದಕ್ಕೆಲ್ಲ ಬರುವುದು ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ." ನರಸಿಂಹ ಶಾಲನ್ನು ಚೀಲದೊಳಗೆ ಇಟ್ಟ. "ನನಗೆ ನಿನ್ನ ಮೇಲೆ ಸಿಟ್ಟು ಇದ್ದದ್ದು ಹೌದು. ಮತ್ತೆ ಕೆಲಸ ಸಿಕ್ಕಿತು, ಸಿಟ್ಟೂ ಹೋಯ್ತು. ನೀನು ಬರ್ತಿ ಅಂತ ಕಾದೆ. ಆಮೇಲೆ ಕಾಯುವುದನ್ನೂ ಬಿಟ್ಟೆ." ಚೀಲದ ಜಿಪ್ ಎಳೆದು ಹೇಳಿದ. "ನಾಳೆ ಹತ್ತು ಗಂಟೆಗೆ ನಾನು ವಾಕಿಂಗ್ ಹೋಗ್ತೇನೆ. ಅವಳು ಮನೆಯಲ್ಲಿ ಇರ್ತಾಳೆ."

ಮರುದಿನ ಹರಿಣಾಕ್ಷಿ ಬಾಗಿಲಲ್ಲಿ ನಿಂತು, "ಏನೂ ತಗೊಂಡು ಹೋಗ್ಬೇಡಿ, ಕೈ ಖಾಲಿ ಇರ್ಲಿ" ಎಂದಳು. ಟ್ರೇನಿನಲ್ಲಿ ಅವನು ಹೇಳಬೇಕಾದ ಮಾತನ್ನು ಹೊಂದಿಸಲು ನೋಡಿದ. ಪಾಯಾ ಲೇಬಾರಿನ ತನಕ ಒಂದು ವಾಕ್ಯ ಮಾಡಿದ, ಅದು ಅರ್ಥಗಾರಿಕೆಯ ಹಾಗೆ ಕೇಳಿಸಿತು, ಬಿಟ್ಟ. ಸೆರಂಗೂನಿನ ತನಕ ಇನ್ನೊಂದು ಮಾಡಿದ, ಅದೂ ಹಾಗೆಯೇ. ನಲವತ್ತು ವರ್ಷ ಮಾತನ್ನೇ ನಂಬಿ ಬದುಕಿದವನಿಗೆ ಒಂದು ನೆಟ್ಟಗಿನ ಮಾತು ಸಿಗಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಹನ್ನೊಂದನೇ ಮಹಡಿ. ಭಾಗೀರಥಿ ಕಬ್ಬಿಣದ ಗೇಟು ತೆರೆದಳು. ಅವನನ್ನು ನೋಡಿ ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಬನ್ನಿ ರಘುರಾಮಣ್ಣ" ಎಂದಳು. ಹಿಂದೆ ಕರೆಯುತ್ತಿದ್ದ ಹಾಗೆಯೇ. ಒಳಗೆ ಹೋಗಿ ಊರಿನ ಕ್ರಮದಂತೆ ಒಂದು ಚೂರು ಬೆಲ್ಲ, ಒಂದು ಲೋಟ ನೀರು ತಂದಿಟ್ಟಳು. ಅವನು ಅದನ್ನು ಮುಟ್ಟದೆ, ನಿಂತೇ ಹೇಳಿದ.

"ಅವತ್ತು ನಾನು ಹಾಗೆ ಹೇಳಬಾರದಿತ್ತು. ನಿಮ್ಮ ಎದುರು ಹೇಳಬಾರದಿತ್ತು. ತಪ್ಪಾಯ್ತು. ಇಷ್ಟು ವರ್ಷ ಬರಲಿಲ್ಲ, ಅದೂ ತಪ್ಪು."

ಅಷ್ಟೇ ಇದ್ದದ್ದು. ಭಾಗೀರಥಿ ಎದುರಿನ ಕುರ್ಚಿಯಲ್ಲಿ ಕೂತಳು.

"ನನಗೆ ಗೊತ್ತಿಲ್ಲದ ವಿಷಯವನ್ನ ಹೇಳಿದೆ ಅಂತ ನೀವು ಅಂದ್ಕೊಂಡಿದ್ದೀರಿ, ಅಲ್ವಾ?"

ರಘುರಾಮನಿಗೆ ತಕ್ಷಣ ತಲೆಗೆ ಹೋಗಲಿಲ್ಲ.

"ಕೆಲಸ ಹೋಗಿ ಎರಡನೇ ವಾರಕ್ಕೇ ನನಗೆ ಗೊತ್ತಾಗಿತ್ತು. ಚೈತನ್ಯಾಗೆ ಜ್ವರ ಅಂತ ಇವರ ಆಫೀಸಿಗೆ ಫೋನ್ ಮಾಡಿದ್ದೆ, ಅಲ್ಲಿ ಯಾರೋ ಹೇಳಿದರು. ಮರುದಿನ ಇವರ ಹಿಂದೆಯೇ ಹೋದೆ. ಬನ್ನಿ ಇಲ್ಲಿ." ಅವಳು ಕಿಟಕಿಯ ಹತ್ತಿರ ಕರೆದಳು. ಕೆಳಗೆ ಕಾಲುವೆ, ದಂಡೆಯ ಗುಂಟ ಮರಗಳು, ಒಂದು ಬೆಂಚು. "ಅದೇ. ಒಬ್ಬರೇ ಕೂತು ಊಟ ಮಾಡ್ತಾ ಇದ್ದರು. ನಾನು ಹತ್ತಿರ ಹೋಗಲಿಲ್ಲ. ಆಮೇಲಿಂದ ಡಬ್ಬಿಗೆ ಸಾಂಬಾರು ಹಾಕುವುದು ಬಿಟ್ಟೆ, ತೊಡೆ ಮೇಲೆ ಚೆಲ್ಲುತ್ತದಲ್ಲ. ಬಿಸಿಲು ಅಂತ ಇನ್ನೊಂದು ಬಾಟ್ಲಿ ನೀರು ಇಡ್ತಿದ್ದೆ. ಯಾಕೆ ಅಂತ ಅವರು ಕೇಳಲಿಲ್ಲ."

"ಮತ್ತೆ ಯಾಕೆ ನೀವು..."

"ಅವರೇ ಹೇಳಲಿ ಅಂತ. ಹೇಳುವ ಮೊದಲೇ ನಾನು ಗೊತ್ತುಂಟು ಅಂದುಬಿಟ್ಟರೆ ಅವರು ಎಷ್ಟು ಸಣ್ಣವರಾಗ್ತಾರೆ, ಯೋಚನೆ ಮಾಡಿ." ಅವಳ ದನಿ ಅಲ್ಲಿಯ ತನಕ ಸಮನಾಗಿತ್ತು. ಈಗ ಒಡೆಯಿತು. "ಆ ಭಾನುವಾರ ಬೆಳಿಗ್ಗೆ ಶರ್ಟಿಗೆ ಗುಂಡಿ ಹಾಕಿಕೊಳ್ತಾ, 'ಪ್ರೋಗ್ರಾಂ ಮುಗಿಸಿ ಬಂದ ಮೇಲೆ ನಿನ್ನ ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು' ಅಂದರು. ನನಗೆ ಎಷ್ಟು ಖುಷಿ ಆಯ್ತು ಅಂದರೆ, ಪಾಯಸಕ್ಕೆ ಸಾಬಕ್ಕಿ ನೆನೆಸಿಟ್ಟು ಬಂದಿದ್ದೆ ರಘುರಾಮಣ್ಣ. ಸಂಜೆ ಅವರು ಹೇಳುವುದಿತ್ತು. ನೀವು ಮಧ್ಯಾಹ್ನ ಹೇಳಿಬಿಟ್ಟಿರಿ."

ರಘುರಾಮ ಕಿಟಕಿಯ ಸರಳು ಹಿಡಿದುಕೊಂಡ. ತಾನು ಗೆಳೆಯನ ಗುಟ್ಟು ಬಿಟ್ಟುಕೊಟ್ಟೆನೆಂದು ಒಂಬತ್ತು ವರ್ಷ ಕೊರಗಿದ್ದ. ಈ ಮನೆಯಲ್ಲಿ ಗಂಡಹೆಂಡಿರು ಪರಸ್ಪರ ಕಾಪಾಡಿಕೊಂಡು ಬಂದಿದ್ದನ್ನು, ಇನ್ನೊಂದೇ ಸಂಜೆ ಕಳೆದಿದ್ದರೆ ತಾನಾಗಿ ಹಗುರವಾಗುತ್ತಿದ್ದುದನ್ನು, ತಾನು ನಡುಬೀದಿಗೆ ಎಳೆದಿದ್ದೆನೆಂದು ಅವನಿಗೆ ಈಗ ತಿಳಿಯಿತು. ಅವನಿಗೆ ಅಳು ಬಂತು, ತಡೆದುಕೊಂಡ. ಅಳುವುದಕ್ಕೂ ಇಲ್ಲಿ ತನಗೆ ಹಕ್ಕಿಲ್ಲ ಅನ್ನಿಸಿತು.

"ನರಸಿಂಹನಿಗೆ ಇದು ಗೊತ್ತಾ?"

"ಇಲ್ಲ. 'ಮೂರು ತಿಂಗಳು ನಿನಗೆ ಚಿಂತೆ ತಾಗದ ಹಾಗೆ ನೋಡಿಕೊಂಡೆ' ಅಂತ ಈಗಲೂ ಒಮ್ಮೊಮ್ಮೆ ಹೇಳ್ತಾರೆ. ಆ ದಿನಗಳಿಂದ ಅವರ ಹತ್ರ ಉಳಿದದ್ದು ಅದೊಂದೇ. ಅದನ್ನ ನಾನು ಕಿತ್ತುಕೊಳ್ಳುವುದಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರಿಗೂ ಹೇಳಿ ಆಗಿರಲಿಲ್ಲ. ನಿಮ್ಮ ಹತ್ರ ಹೇಳುವ ದಿನ ಬರ್ತದೆ ಅಂತ ಗೊತ್ತಿರಲಿಲ್ಲ. ನೀರು ಕುಡೀರಿ."

ಅವನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದ.

ಅವನು ಕೆಳಗಿಳಿದಾಗ ನರಸಿಂಹ ಬ್ಲಾಕಿನ ಅಡಿಯ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತಿದ್ದ. ವಾಕಿಂಗಿಗೆ ಹೋದವನ ಹಾಗೆ ಬೆವರಿರಲಿಲ್ಲ, ಅಲ್ಲೇ ಕೂತು ಕಾದಿದ್ದನೋ ಏನೋ.

"ಎಂತ ಹೇಳಿದಳು?"

ರಘುರಾಮ ಗೆಳೆಯನ ಮುಖ ನೋಡಿದ. ನೀನು ಕಾಪಾಡಿದೆ ಅಂದುಕೊಂಡಿದ್ದೀಯಲ್ಲ, ಅವಳು ನಿನ್ನನ್ನು ಕಾಪಾಡಿದಳು ಮಾರಾಯ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಬಹಳ ಒಳ್ಳೆಯ ಮಾತು, ಅವನ ಬಾಯಿಗೆ ಅಂಥದ್ದು ಬಂದು ಎಷ್ಟೋ ಕಾಲವಾಗಿತ್ತು.

"ಬೆಲ್ಲ ನೀರು ಕೊಟ್ರು" ಎಂದ. "ಕುಡಿದೆ."

ನರಸಿಂಹ ಸ್ವಲ್ಪ ಸರಿದು ಜಾಗ ಬಿಟ್ಟ. ರಘುರಾಮ ಅವನ ಪಕ್ಕದಲ್ಲಿ ಕೂತ.